ಎರಡನೇದು ತಾನೆ ಅಂತ ಕೂತ್ಕೋಬೇಡಿ: ಓದುಗರ ಪ್ರಶ್ನೆ, ಡಾಕ್ಟರಮ್ಮನ ಉತ್ತರ

ಈ ಸಲ ಬಂದಿರೋ ಪತ್ರಗಳಲ್ಲಿ ಜಾಸ್ತಿ ಎರಡನೇ ಹೆರಿಗೆ ಬಗ್ಗೇನೇ ಇವೆ, ಅದಕ್ಕೆ ಒಟ್ಟಿಗೇ ಉತ್ತರ ಕೊಡ್ತಿದೀನಿ.

ಪ್ರಶ್ನೆ: ಮೇಡಂ, ನಮ್ದು ಮಳವಳ್ಳಿ ಕಡೆ ಹಳ್ಳಿ. ಮೊದಲನೇ ಹೆರಿಗೆ ತವರಲ್ಲಾಯ್ತು, ಮಧ್ಯಾಹ್ನ ನೋವು ಶುರುವಾಗಿ ಮಾರನೇ ದಿನ ಬೆಳಿಗ್ಗೆ ಮಗ ಹುಟ್ಟಿದ. ಈಗ ಎಂಟು ತುಂಬಿದೆ, ಈ ಸಲ ಗಂಡನ ಮನೇಲೇ ಇದೀನಿ. ನಮ್ಮತ್ತೆ "ಆವಾಗ್ಲೇ ಅಷ್ಟೊತ್ತು ಆಗಿತ್ತಲ್ಲ, ನೋವು ಬಂದ್ಮೇಲೆ ಅಡುಗೆ ಮುಗಿಸ್ಕಂಡು ಹೊರಟ್ರೂ ಆಯ್ತದೆ ಬುಡು" ಅಂತಾರೆ. ಮಂಡ್ಯಕ್ಕೆ ಒಂದು ಗಂಟೆ ದಾರಿ. ಯಾವಾಗ ಹೊರಡ್ಬೇಕು? (ಹೆಸರು ಬೇಡ)

ಉತ್ತರ: ಅಡುಗೆ ಮನೇಲಿರೋರು ಮಾಡ್ಕೋತಾರೆ ತಂಗಿ, ನೀವು ಹೊರಡಿ. ಅತ್ತೆ ಒಳ್ಳೇ ಮನಸ್ಸಿಂದಾನೇ ಹೇಳಿರ್ತಾರೆ, ಆದ್ರೆ ಮೊದಲನೇದಕ್ಕೆ ಇಷ್ಟು ಹೊತ್ತಾಯ್ತು ಅಂತ ಎರಡನೇದಕ್ಕೂ ಅಷ್ಟೇ ಹೊತ್ತಾಗಲ್ಲ. ಮೊದಲ ಹೆರಿಗೇಲಿ ಗರ್ಭಕೋಶದ ಬಾಯಿ ಮೊದಲು ತೆಳುವಾಗಿ ಆಮೇಲೆ ನಿಧಾನಕ್ಕೆ ತೆರ್ಕೊಳತ್ತೆ, ಎರಡನೇದ್ರಲ್ಲಿ ಎರಡೂ ಒಟ್ಟೊಟ್ಟಿಗೇ ಆಗತ್ತೆ, ದಾರಿನೂ ಒಂದ್ಸಲ ಹಿಗ್ಗಿರತ್ತೆ, ಹಾಗಾಗಿ ಮುಕ್ಕಾಲು ಪಾಲು ಜನಕ್ಕೆ ಸಮಯ ಕಮ್ಮಿನೇ ಹಿಡಿಯತ್ತೆ. ಕೆಲವ್ರಿಗೆ ಬೆಳಗಿನ ಜಾವ ಸಣ್ಣಗೆ ಸೊಂಟ ಹಿಡ್ಕೊಂಡಂಗೆ ಇದ್ದದ್ದು ತಿಂಡಿ ಹೊತ್ತಿಗೆ ಮಗುನೇ ಆಗಿರತ್ತೆ. ಇನ್ನೊಂದು ವಿಷ್ಯ, ಚೆಕಪ್‌ನಲ್ಲಿ "ಮಗು ತಲೆ ಇನ್ನೂ ಕೆಳಗೆ ಇಳಿದಿಲ್ಲ" ಅಂದ್ರು ಅಂತ ನಿರಾಳ ಆಗ್ಬಿಡ್ಬೇಡಿ, ಎರಡನೇ ಬಸಿರಲ್ಲಿ ಎಷ್ಟೋ ಸಲ ನೋವು ಶುರುವಾದ್ಮೇಲೇ ತಲೆ ಇಳಿಯೋದು.

ಎರಡನೇ ಸಲ ಸುಳ್ಳು ನೋವೂ ಜಾಸ್ತಿ ಬರತ್ತೆ ನಿಜ. ಹೊಟ್ಟೆ ಗಟ್ಟಿಯಾಗತ್ತೆ, ಸ್ವಲ್ಪ ಓಡಾಡಿದ್ರೆ ಇಲ್ಲಾ ಎಡಕ್ಕೆ ಮಲಗಿ ನೀರು ಕುಡಿದ್ರೆ ಹೋಗ್ಬಿಡತ್ತೆ. ನಿಜವಾದ ನೋವು ಏನ್ ಮಾಡಿದ್ರೂ ಹೋಗಲ್ಲ, ಬರ್ತಾ ಬರ್ತಾ ಹತ್ರ ಹತ್ರ ಬರತ್ತೆ, ಜೋರಾಗತ್ತೆ. ನಿಮಗೆ ಒಂದು ಗಂಟೆ ದಾರಿ ಇರೋದ್ರಿಂದ ಐದು ನಿಮಿಷಕ್ಕೊಂದು ಬರ್ಲಿ ಅಂತ ಕಾಯ್ಬೇಡಿ, ಹತ್ತು ನಿಮಿಷಕ್ಕೊಂದ್ಸಲ ಲೆಕ್ಕವಾಗಿ ಬರೋಕೆ ಶುರುವಾದ್ರೆ 108ಕ್ಕೆ ಫೋನ್ ಮಾಡಿ. ಸುಳ್ಳು ನೋವಾಗಿ ವಾಪಸ್ ಕಳಿಸಿದ್ರೆ ಕಳಿಸ್ಲಿ, ಅದ್ರಲ್ಲಿ ನಾಚಿಕೆ ಪಡೋಂಥದ್ದು ಏನೂ ಇಲ್ಲ. ನೀರು ಹೋದ್ರೆ ನೋವು ಇಲ್ದಿದ್ರೂ ಹೊರಡಿ, ನೀರು ಹಸಿರು ಬಣ್ಣಕ್ಕಿದ್ರಂತೂ ಒಂದು ನಿಮಿಷ ನಿಲ್ಬೇಡಿ. ರಕ್ತ ಹೋದ್ರೆ, ಮಗು ಒದೆಯೋದು ಕಮ್ಮಿ ಆದ್ರೆ, ತಲೆ ಸಿಡಿದು ಕಣ್ಣು ಮಂಜಾದ್ರೆ ಅದು ಹಗಲೋ ರಾತ್ರಿನೋ ನೋಡ್ಬೇಡಿ.

ದಾರೀಲೇ ಆಗ್ಬಿಟ್ರೆ ಅನ್ನೋ ಭಯ ಎಲ್ರಿಗೂ ಇರತ್ತೆ. ಜೊತೇಲಿ ಬರೋರಿಗೆ ಇದನ್ನ ಓದಿ ಹೇಳಿ: ಗಾಡಿ ಪಕ್ಕಕ್ಕೆ ನಿಲ್ಸಿ 108ಕ್ಕೆ ಫೋನ್ ಮಾಡ್ಬೇಕು, ಮಗುನ ಎಳೀಬಾರ್ದು, ಬರೋವಾಗ ಕೈ ಕೊಟ್ಟು ಹಿಡ್ಕೋಬೇಕು ಅಷ್ಟೇ. ಒಣ ಬಟ್ಟೇಲಿ ತಲೆ ಬೆನ್ನು ಚೆನ್ನಾಗಿ ಒರೆಸಿ ತಾಯಿ ಎದೆ ಮೇಲೆ ಬರೀ ಮೈಗೆ ತಾಗೋ ಹಾಗೆ ಮಲಗ್ಸಿ ಇಬ್ಬರಿಗೂ ಸೇರಿಸಿ ಹೊದಿಸ್ಬೇಕು. ಹೊಕ್ಕುಳ ಬಳ್ಳಿ ಕತ್ತರಿಸೋಕೆ ಹೋಗ್ಬೇಡಿ, ಬ್ಲೇಡು ದಾರ ಹುಡುಕ್ಬೇಡಿ, ಮಾಸು ಎಳೀಬೇಡಿ, ಹಾಗೇ ಆಸ್ಪತ್ರೆಗೆ ಕರ್ಕೊಂಡ್ಹೋಗಿ.

ಇವತ್ತೇ ಮಾಡ್ಬೇಕಾದ್ದು ಒಂದಿದೆ. ನಿಮ್ಮ ಮೊದಲ ಹೆರಿಗೆ ಡಿಸ್ಚಾರ್ಜ್ ಶೀಟ್ ಎಲ್ಲಿದೆ? ತೊಂಬತ್ತು ಪಾಲು ತವರು ಮನೆ ಬೀರೂನಲ್ಲಿ ಸೀರೆ ಅಡಿ ಇರತ್ತೆ. ಆವಾಗ ರಕ್ತ ಜಾಸ್ತಿ ಹೋಗಿತ್ತಾ, ಮಾಸು ತಡ ಆಗಿತ್ತಾ, ಬಿಪಿ ಏರಿತ್ತಾ, ಹೊಲಿಗೆ ಎಷ್ಟು ಬಿತ್ತು ಇದೆಲ್ಲ ಲೇಬರ್ ವಾರ್ಡಲ್ಲಿರೋ ನಮಗೆ ಮೊದಲು ಬೇಕಾಗೋ ಮಾಹಿತಿ, "ಏನೋ ಸ್ವಲ್ಪ ತೊಂದ್ರೆ ಆಗಿತ್ತಂತೆ" ಅಂದ್ರೆ ನಮಗೇನೂ ಗೊತ್ತಾಗಲ್ಲ. ಅಮ್ಮನಿಗೆ ಫೋನ್ ಮಾಡಿ ಫೋಟೋ ತರಿಸ್ಕೊಳಿ, ಆಮೇಲೆ ಒರಿಜಿನಲ್ ತರಿಸಿ ತಾಯಿ ಕಾರ್ಡ್ ಜೊತೆ ಒಂದೇ ಕವರಲ್ಲಿ ಇಡಿ.

ನೀವು ಕೇಳಿಲ್ಲ ಆದ್ರೂ ಹೇಳ್ತೀನಿ, ಹೀಮೋಗ್ಲೋಬಿನ್ ಎಷ್ಟಿದೆ ನೋಡ್ಸಿ, 11ಕ್ಕಿಂತ ಕಮ್ಮಿ ಇದ್ರೆ ರಕ್ತಹೀನತೆ ಅಂತಾನೇ ಲೆಕ್ಕ. ದೊಡ್ಡ ಮಗು ಹಿಂದೆ ಓಡಾಡ್ತಾ ತನ್ನ ಊಟ ಮಾತ್ರೆ ಎರಡೂ ಮರೆಯೋ ತಾಯಂದಿರೇ ಜಾಸ್ತಿ. ಕಬ್ಬಿಣದ ಮಾತ್ರೆನ ಕಾಫಿ ಟೀ ಜೊತೆ ತಗೋಬೇಡಿ, ಕ್ಯಾಲ್ಸಿಯಂ ಮಾತ್ರೆ ಜೊತೆನೂ ಬೇಡ, ನಿಂಬೆಹಣ್ಣಿನ ಪಾನಕದ ಜೊತೆ ತಗೊಂಡ್ರೆ ಮೈಗೆ ಹತ್ತತ್ತೆ.

ಪ್ರಶ್ನೆ: ಮೈಸೂರು ಕುವೆಂಪುನಗರದಿಂದ ಬರೀತಿದೀನಿ. ಮೊದಲನೇದು ಸಿಸೇರಿಯನ್, ಮಗು ಉಲ್ಟಾ ಇತ್ತು. ಈಗ ಮಗಳಿಗೆ ಮೂರು ವರ್ಷ, ನಾನು ಏಳು ತಿಂಗಳು. ಒಂದ್ಸಲ ಸಿಸೇರಿಯನ್ ಆದ್ರೆ ಮುಂದೂ ಅದೇನಾ?

ಉತ್ತರ: ಅದೇ ಆಗ್ಬೇಕು ಅಂತ ಏನಿಲ್ಲ. ಮೊದಲನೇ ಸಲ ಯಾಕೆ ಆಪರೇಷನ್ ಮಾಡಿದ್ರು ಅನ್ನೋದು ಮುಖ್ಯ. ನಿಮ್ಮದು ಮಗು ಉಲ್ಟಾ ಇದ್ದ ಕಾರಣಕ್ಕೆ, ಈ ಸಲ ತಲೆ ಕೆಳಗಿದ್ರೆ ಆ ಕಾರಣನೇ ಇರಲ್ಲ. ಗರ್ಭಕೋಶದ ಕೆಳಭಾಗದಲ್ಲಿ ಅಡ್ಡಕ್ಕೆ ಒಂದೇ ಕೊಯ್ತ ಇದ್ದು, ಬೇರೆ ತೊಂದರೆ ಇಲ್ದೇ ನಾರ್ಮಲ್‌ಗೆ ಪ್ರಯತ್ನ ಪಡೋರಲ್ಲಿ ಹತ್ರಹತ್ರ ನಾಲ್ವರಲ್ಲಿ ಮೂವರಿಗೆ ನಾರ್ಮಲ್ ಆಗತ್ತೆ. ಅಪಾಯ ಅಂದ್ರೆ ಹಳೇ ಹೊಲಿಗೆ ಬಿಟ್ಕೊಳೋದು, ಅದು ಸುಮಾರು 200ರಲ್ಲಿ ಒಬ್ಬರಿಗೆ, ಆದ್ರೆ ಆದಾಗ ನಿಮಿಷಗಳ ಲೆಕ್ಕದಲ್ಲಿ ಆಪರೇಷನ್ ಆಗ್ಬೇಕು, ತಾಯಿ ಮಗು ಇಬ್ಬರ ಜೀವದ ಪ್ರಶ್ನೆ. ಅದಕ್ಕೆ ರಾತ್ರಿ ಎರಡು ಗಂಟೆಗೂ ಥಿಯೇಟರ್, ಅರಿವಳಿಕೆ ಡಾಕ್ಟರು, ರಕ್ತ ಮೂರೂ ಸಿಗೋ ಕಡೆ ಮಾತ್ರ ಈ ಪ್ರಯತ್ನ. ನೀವು ಮೈಸೂರಲ್ಲೇ ಇರೋದು ಅನುಕೂಲ, ಚೆಲುವಾಂಬದಂಥ ದೊಡ್ಡ ಹೆರಿಗೆ ಆಸ್ಪತ್ರೆ ಊರಲ್ಲೇ ಇದೆ. ನೀವು ತೋರಿಸ್ತಿರೋ ಕಡೆ "ನಿಮ್ಮಲ್ಲಿ ರಾತ್ರಿ ಇವೆಲ್ಲ ಇರ್ತವಾ" ಅಂತ ನೇರವಾಗಿ ಕೇಳಿ, ಕೇಳೋಕೆ ಸಂಕೋಚ ಬೇಡ. ಇಲ್ಲ ಅಂದ್ರೆ ಅಲ್ಲಿ ಸಿಸೇರಿಯನ್ ಅನ್ನೋದೇ ಸರಿ, ಅವರ ಮೇಲೆ ಸಿಟ್ಟು ಮಾಡ್ಕೋಬೇಡಿ.

ಜೊತೆಗೆ ಸ್ಕ್ಯಾನಿಂಗಲ್ಲಿ ಮಾಸು ಎಲ್ಲಿದೆ ಅಂತ ಕೇಳಿ ತಿಳ್ಕೊಳಿ, ಹಳೇ ಹೊಲಿಗೆ ಮೇಲೆ ಕೂತಿದ್ರೆ ಅದರ ಕಥೆನೇ ಬೇರೆ, ಮೊದಲೇ ದೊಡ್ಡಾಸ್ಪತ್ರೇಲಿ ಹೆಸರು ಬರೆಸ್ಬೇಕಾಗತ್ತೆ. ಕೊನೆಗೆ ಸಿಸೇರಿಯನ್ನೇ ಆಯ್ತು ಅಂದ್ರೆ ಯಾರೋ ಬಂದು "ನಾರ್ಮಲ್ ಆಗ್ಲಿಲ್ವಾ" ಅಂತ ಮುಖ ಸಣ್ಣ ಮಾಡಿದ್ರೆ ಕಿವಿಗೇ ಹಾಕ್ಕೋಬೇಡಿ.

ಪ್ರಶ್ನೆ: ಡಾಕ್ಟ್ರೇ, ಸೊಸೆಗೆ ಎರಡನೇ ಹೆರಿಗೆ ಮಂಡ್ಯದಲ್ಲೇ ಮಾಡಿಸ್ತಿದೀವಿ. ಮೂರು ವರ್ಷದ ಮೊಮ್ಮಗಳು ಅಮ್ಮನ್ನ ಬಿಟ್ಟು ಮಲಗಲ್ಲ. ಮಾರನೇ ದಿನವೇ ಡಿಸ್ಚಾರ್ಜ್ ಕೇಳ್ಬೋದಾ?

ಉತ್ತರ: ಬೇಡ ಅಮ್ಮ. ನಾರ್ಮಲ್ ಆದ್ರೂ 48 ಗಂಟೆ ಅಲ್ಲೇ ಇರ್ಲಿ. ಹೆರಿಗೆ ಆದ್ಮೇಲೆ ಜಾಸ್ತಿ ರಕ್ತ ಹೋಗೋ ಅಪಾಯ ಮೊದಲ ದಿನವೇ ಇರೋದು, ಮಗುವಿನ ಕಾಮಾಲೆ ಕಾಣಿಸ್ಕೊಳೋದು ಎರಡ್ಮೂರನೇ ದಿನ. ಸರ್ಕಾರಿ ಆಸ್ಪತ್ರೇಲಿ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಹೆರಿಗೆ, ಔಷಧಿ, ರಕ್ತ, ಊಟ, ವಾಪಸ್ ಮನೆಗೆ ಬಿಡೋ ಗಾಡಿ ಎಲ್ಲ ಉಚಿತ, ಎರಡನೇದಕ್ಕೂ ಇದೆ. ಎರಡನೇದು ಹೆಣ್ಣು ಮಗು ಆದ್ರೆ ಕೇಂದ್ರ ಸರ್ಕಾರದ ಮಾತೃವಂದನಾ ಯೋಜನೇಲಿ ಅರ್ಹರಿಗೆ 6000 ರೂಪಾಯಿ ಬರತ್ತೆ, ಅಂಗನವಾಡೀಲಿ ಕೇಳಿ.

ಇನ್ನೊಂದು, ಎರಡನೇ ಹೆರಿಗೆ ಆದ್ಮೇಲೆ ಮಗುಗೆ ಹಾಲು ಕೊಡೋವಾಗೆಲ್ಲ ಕಿಬ್ಬೊಟ್ಟೆ ಹಿಂಡಿದ ಹಾಗೆ ನೋವು ಬರತ್ತೆ, ಮೊದಲನೇದಕ್ಕಿಂತ ಜಾಸ್ತಿನೇ. ಗರ್ಭಕೋಶ ಕುಗ್ತಿರೋ ನೋವು ಅದು, ಎರಡ್ಮೂರು ದಿನಕ್ಕೆ ಹೋಗತ್ತೆ. ಆದ್ರೆ "ಎಲ್ಲ ಗೊತ್ತಿರೋಳೇ ತಾನೆ, ತಡ್ಕೋತಾಳೆ" ಅಂತ ಸುಮ್ನಾಗ್ಬೇಡಿ, ಸಿಸ್ಟರ್‌ಗೆ ಹೇಳಿದ್ರೆ ಮಾತ್ರೆ ಕೊಡ್ತಾರೆ. ಒಂದು ಗಂಟೇಲಿ ಒಂದು ಪ್ಯಾಡ್ ಪೂರ್ತಿ ನೆನೆದ್ರೆ ಓಡಿಹೋಗಿ ಕರೀರಿ. ಮೊದಲ ಬಾಣಂತನದಲ್ಲಿ ಸುತ್ತ ನಾಲ್ಕು ಜನ ಇರ್ತಾರೆ, ಎರಡನೇ ಸಲ ಬಾಣಂತಿ ಮಂಚದ ಮೇಲೆ ಒಬ್ಬಳೇ ಮಲಗಿರ್ತಾಳೆ, ಎಲ್ರೂ ದೊಡ್ಡ ಮಗುನ ಸಂಭಾಳಿಸ್ತಿರ್ತಾರೆ. ನನಗೆ ತುಂಬ ಸಂಕಟ ಆಗೋ ವಿಷ್ಯ ಇದು. ಅವಳಿಗೂ ಬಿಸಿ ಮೆಣಸಿನ ಸಾರು ಅನ್ನ ಹೊತ್ತಿಗೆ ಸರಿಯಾಗಿ ಸಿಗ್ಲಿ, ನೀರು ಕೇಳಿದಷ್ಟು ಕೊಡಿ, ಬಾಣಂತಿಗೆ ನೀರು ಕಟ್ಟಬಾರ್ದು.

ಮೊಮ್ಮಗಳನ್ನ ಇವಾಗಿಂದಾನೇ ರಾತ್ರಿ ನಿಮ್ಮ ಪಕ್ಕ ಮಲಗಿಸಿ ಅಭ್ಯಾಸ ಮಾಡ್ಸಿ. ಆಸ್ಪತ್ರೆಗೆ ಕರ್ಕೊಂಡ್ ಬಂದಾಗ ಸೊಸೆ ಕೈಲಿ ಪಾಪು ಇರೋದು ಬೇಡ, ಪಕ್ಕದಲ್ಲಿ ಮಲಗಿರ್ಲಿ, ದೊಡ್ಡವಳು ಮೊದಲು ಅಮ್ಮನ್ನ ತಬ್ಕೊಳ್ಲಿ. ನೆಗಡಿ ಕೆಮ್ಮು ಇದ್ರೆ ಮಾತ್ರ ಕರ್ಕೊಂಡ್ ಬರ್ಬೇಡಿ, ವಿಡಿಯೋ ಕಾಲ್ ಸಾಕು.

ಪ್ರಶ್ನೆ: ನಂಜನಗೂಡು. ನನ್ನ ಹೆಂಡ್ತಿದು ಓ ನೆಗೆಟಿವ್, ನಂದು ಪಾಸಿಟಿವ್. ಮೊದಲ ಹೆರಿಗೆ ಆದ್ಮೇಲೆ ಒಂದು ಇಂಜೆಕ್ಷನ್ ಹಾಕಿದ್ರು. ಈ ಸಲನೂ ಬೇಕಾ ಸರ್/ಮೇಡಂ?

ಉತ್ತರ: ಬೇಕು. ನೆಗೆಟಿವ್ ತಾಯಿಗೆ ಪಾಸಿಟಿವ್ ಮಗುವಿನ ರಕ್ತ ಸ್ವಲ್ಪ ಸೇರಿದ್ರೂ ತಾಯಿ ಮೈ ಅದರ ವಿರುದ್ಧ ಹೋರಾಡೋ ಪ್ರತಿಕಾಯ (ಆಂಟಿಬಾಡಿ) ತಯಾರು ಮಾಡ್ಕೊಳತ್ತೆ, ಅದು ಮುಂದಿನ ಮಗುವಿನ ರಕ್ತಕಣ ಒಡೆಯತ್ತೆ. ಅದನ್ನ ತಡೆಯೋದೇ ಆ ಆಂಟಿ ಡಿ ಇಂಜೆಕ್ಷನ್, ಆದ್ರೆ ಅದು ಒಂದು ಬಸಿರಿಗೆ ಮಾತ್ರ, ಮುಂದಿನದಕ್ಕೆ ಮತ್ತೆ ಹಾಕಿಸ್ಬೇಕು. ಮೊದಲು ತಾಯಿ ಮೈಲಿ ಆ ಪ್ರತಿಕಾಯ ಆಗ್ಲೇ ಇದೆಯಾ ಅಂತ ನೋಡೋ ಇನ್‌ಡೈರೆಕ್ಟ್ ಕೂಂಬ್ಸ್ ಅನ್ನೋ ರಕ್ತ ಪರೀಕ್ಷೆ ಮಾಡ್ಸಿ, ಅದು ನೆಗೆಟಿವ್ ಬಂದ್ರೆ 28ನೇ ವಾರಕ್ಕೆ ಒಂದು ಇಂಜೆಕ್ಷನ್. ಪಾಸಿಟಿವ್ ಬಂದ್ರೆ ಇಂಜೆಕ್ಷನ್ ಉಪಯೋಗ ಇಲ್ಲ, ಮಗುನ ಸ್ಕ್ಯಾನಿಂಗಲ್ಲಿ ಪದೇ ಪದೇ ನೋಡೋ ದೊಡ್ಡಾಸ್ಪತ್ರೆಗೆ ತಕ್ಷಣ ಹೋಗ್ಬೇಕು. ಮಧ್ಯದಲ್ಲಿ ಯಾವತ್ತಾದ್ರೂ ಗರ್ಭಪಾತ ಆಗಿದ್ರೆ ಅದನ್ನೂ ಡಾಕ್ಟರಿಗೆ ಹೇಳಿ, ಮುಚ್ಚಿಡ್ಬೇಡಿ. ಹೆರಿಗೆ ಆದ ಕೂಡ್ಲೇ ಮಗುವಿನ ಬ್ಲಡ್ ಗ್ರೂಪ್ ಕೇಳಿ, ಪಾಸಿಟಿವ್ ಇದ್ರೆ 72 ಗಂಟೆ ಒಳಗೆ ತಾಯಿಗೆ ಮತ್ತೊಂದು ಇಂಜೆಕ್ಷನ್ ಬೀಳ್ಬೇಕು. ತಾಯಿ ಕಾರ್ಡ್ ಮೇಲೆ ಕೆಂಪು ಪೆನ್ನಲ್ಲಿ "ಓ ನೆಗೆಟಿವ್" ಅಂತ ದೊಡ್ಡದಾಗಿ ಬರೀರಿ, ಡ್ಯೂಟಿ ಬದಲಾದಾಗೆಲ್ಲ ಹೊಸ ಸಿಸ್ಟರ್‌ಗೆ ನೀವೇ ಹೋಗಿ ನೆನಪಿಸಿ.