ವಿಂಡೋಸ್ 98 ಶುರುವಾಗುವಾಗ ತೋಟದ ಹೆಸರು ಬರಬೇಕಾದರೆ

ಸುಂಟಿಕೊಪ್ಪದ ಅಣ್ಣ, ತೋಟದ ಕಚೇರಿಯಲ್ಲಿ ಚೆಕ್‌ರೋಲ್ (ಆಳುಗಳ ಹಾಜರಿ-ಕೂಲಿ ಪಟ್ಟಿ) ಬರೆಯುವ ವಿಂಡೋಸ್ 98 ಕಂಪ್ಯೂಟರಿನಲ್ಲಿ ಕಂಪನಿ ಲೋಗೋ ತೆಗೆದು ತೋಟದ ಹೆಸರು ಹಾಕಬೇಕು, ಬಯಾಸ್ (ಆನ್ ಮಾಡಿದ ಕೂಡಲೇ ಓಡುವ, ಬೋರ್ಡಿನ ಚಿಪ್ಪಿನಲ್ಲಿರುವ ಪ್ರೋಗ್ರಾಂ) ಲೋಗೋವನ್ನೂ ಬದಲಿಸಲಾ ಅಂತ ಕೇಳಿದ್ದೀರಿ. ಬಯಾಸ್ ಈಗ ಮುಟ್ಟಲೇಬೇಡಿ. ಅದಕ್ಕೆ ಚಿಪ್ ಅಳಿಸಿ ಮತ್ತೆ ಬರೆಯಬೇಕು. ಮಧ್ಯದಲ್ಲಿ ಕರೆಂಟ್ ಹೋದರೆ ಬೋರ್ಡ್ ಮತ್ತೆ ಏಳುವುದಿಲ್ಲ. ಮರ ಬಿದ್ದು ಲೈನ್ ತುಂಡಾಗುವ ಈ ಮಳೆಯಲ್ಲಿ ಹಳೇ ಯುಪಿಎಸ್ ನಂಬಿಕೊಂಡು ಮಾಡುವ ಕೆಲಸ ಅಲ್ಲ ಅದು.

ವಿಂಡೋಸ್ ಲೋಗೋ ಮಾತ್ರ ಧೈರ್ಯವಾಗಿ ಬದಲಿಸಿ. ಆ ಚಿತ್ರ ಇರುವುದು ವಿಂಡೋಸ್ ಶುರುಮಾಡುವ ಐಓ.ಸಿಸ್ (IO.SYS) ಫೈಲಿನ ಒಳಗೆ, ಆದರೆ ಅದಕ್ಕೆ ಕೈ ಹಾಕಬೇಕಿಲ್ಲ. ಸಿ ಡ್ರೈವಿನಲ್ಲಿ, ಯಾವ ಫೋಲ್ಡರಿನ ಒಳಗೂ ಅಲ್ಲದೆ ನೇರವಾಗಿ, ಲೋಗೋ.ಸಿಸ್ (LOGO.SYS) ಅನ್ನುವ ಫೈಲ್ ಇಟ್ಟರೆ ವಿಂಡೋಸ್ ಅದನ್ನೇ ತೋರಿಸುತ್ತದೆ. ಅಳಿಸಿದರೆ ಒಳಗಿನ ಚಿತ್ರವೇ ವಾಪಸ್ ಬರುತ್ತದೆ. ಮೊದಲೇ ಆ ಹೆಸರಿನ ಫೈಲ್ ಇದ್ದರೆ ಬೇರೆ ಹೆಸರಿಟ್ಟು ಉಳಿಸಿಕೊಳ್ಳಿ.

ಇದು ಹೆಸರು ಬದಲಿಸಿದ ಬಿಎಂಪಿ ಚಿತ್ರ ಅಷ್ಟೇ. ಅಗಲ 320, ಎತ್ತರ 400 ಪಿಕ್ಸೆಲ್, 256 ಬಣ್ಣ, ಕಂಪ್ರೆಶನ್ ಇರಬಾರದು. ಪರದೆ ಇದನ್ನು ಅಡ್ಡಕ್ಕೆ ಎಳೆದು ತೋರಿಸುವುದರಿಂದ ಮೊದಲು 640×480ರಲ್ಲಿ ಚಿತ್ರ ಮಾಡಿ, ಆಮೇಲೆ ಅನುಪಾತದ ಲಾಕ್ ತೆಗೆದು 320×400ಕ್ಕೆ ಇಳಿಸಿ. ಆಗ ಅದು ಕೃಶವಾಗಿ ಕಾಣುತ್ತದೆ, ಹೆದರಬೇಡಿ.

ಕನ್ನಡ ಅಕ್ಷರ ಕೆಡುವುದು ಇಲ್ಲೇ. ಅಗಲ ಅರ್ಧವಾದಾಗ ಸಣ್ಣ ಗೆರೆಗಳು ಮಾಸಿಹೋಗುತ್ತವೆ, ಒತ್ತಕ್ಷರ ಮುದ್ದೆಯಾಗುತ್ತದೆ. ದಪ್ಪ ಫಾಂಟ್ ತೆಗೆದುಕೊಳ್ಳಿ. 640×480ರಲ್ಲಿ ಮೂಲ ಅಕ್ಷರ 50 ಪಿಕ್ಸೆಲ್ ಎತ್ತರವಾದರೂ ಇರಲಿ, ಒತ್ತಕ್ಷರಕ್ಕೆ ಕೆಳಗೆ ಜಾಗ ಬಿಡಿ. ವಿಂಡೋಸ್ 98ಕ್ಕೆ ಯೂನಿಕೋಡ್ ಕನ್ನಡ ಬರುವುದಿಲ್ಲ, ಹಾಗಾಗಿ ಅಕ್ಷರವನ್ನು ಹೊಸ ಕಂಪ್ಯೂಟರಿನಲ್ಲೇ ಚಿತ್ರವಾಗಿಸಿ ತನ್ನಿ. ಕಡುಹಸಿರಿನ ಮೇಲೆ ಬಿಳಿ ಕಾಫಿ ಹೂವು, ಬಿಳಿ ಅಕ್ಷರ ಆದರೆ ಹಳೇ ಮಾನಿಟರಿನಲ್ಲೂ ಎದ್ದು ಕಾಣುತ್ತದೆ.

ಚಿತ್ರ ತಿದ್ದುವ ಪ್ರೋಗ್ರಾಂ ಗಿಂಪ್‌ನಲ್ಲಿ ಇಂಡೆಕ್ಸ್ಡ್ ಮೋಡ್‌ಗೆ ಹೋಗಿ 256 ಬಣ್ಣ ಕೊಡಿ. ಬಿಎಂಪಿ ಆಗಿ ಉಳಿಸುವಾಗ ರನ್-ಲೆಂಗ್ತ್ (ಕಂಪ್ರೆಶನ್) ಟಿಕ್ ತೆಗೆಯಿರಿ, ಕಲರ್ ಸ್ಪೇಸ್ ಮಾಹಿತಿ ಬರೆಯಬೇಡ ಅನ್ನುವ ಆಯ್ಕೆಗೆ ಟಿಕ್ ಹಾಕಿ. ಫೈಲ್ ಸರಿಯಾಗಿ 129,078 ಬೈಟ್ ಇರಬೇಕು: ಪಿಕ್ಸೆಲ್‌ಗೆ 128,000, ಬಣ್ಣದ ಪಟ್ಟಿಗೆ 1,024, ಹೆಡರ್‌ಗೆ 54. ಜಾಸ್ತಿ ಬಂದರೆ ಹೆಡರ್ ದೊಡ್ಡದಾಗಿದೆ, ಅಂದರೆ ಆ ಕಲರ್ ಸ್ಪೇಸ್ ಟಿಕ್ ಬಿಟ್ಟುಹೋಗಿದೆ. ಕಮ್ಮಿ ಬಂದರೆ ಕಂಪ್ರೆಸ್ ಆಗಿರಬೇಕು, ಇಲ್ಲ ಚಿತ್ರದಲ್ಲಿ 256 ಬಣ್ಣವೇ ಇಲ್ಲ. ಬಣ್ಣ ಸಾಲದಿದ್ದರೆ ಹಿನ್ನೆಲೆಯ ಹಸಿರನ್ನು ಮೇಲಿಂದ ಕೆಳಕ್ಕೆ ತಿಳಿಯಾಗುವಂತೆ ಮಾಡಿ.

126 ಕೆಬಿ ಫ್ಲಾಪಿಯಲ್ಲಿ ಆರಾಮಾಗಿ ಹಿಡಿಯುತ್ತದೆ. ಆದರೆ ಬೂಷ್ಟು ಹಿಡಿದ ಫ್ಲಾಪಿ ಹಾಕಬೇಡಿ, ಡ್ರೈವಿನ ಹೆಡ್ ಹಾಳಾಗುತ್ತದೆ. ಹೆಸರು ಬದಲಿಸುವ ಮೊದಲು ಫೋಲ್ಡರ್ ಆಪ್ಶನ್ಸ್‌ನಲ್ಲಿ ಎಕ್ಸ್‌ಟೆನ್ಶನ್ (ಹೆಸರಿನ ಕೊನೆಯ .ಬಿಎಂಪಿ ಥರದ ಭಾಗ) ಕಾಣುವಂತೆ ಮಾಡಿ. ಇಲ್ಲದಿದ್ದರೆ ಲೋಗೋ.ಸಿಸ್.ಬಿಎಂಪಿ ಅಂತ ಆಗಿ ಏನೂ ಬದಲಾಗುವುದಿಲ್ಲ. ಹೆಸರು ಸರಿ ಇದ್ದೂ ಯಾವ ಲೋಗೋವೂ ಬಾರದಿದ್ದರೆ ಎಂಎಸ್‌ಡಾಸ್.ಸಿಸ್ (MSDOS.SYS) ಫೈಲಿನ ರೀಡ್-ಓನ್ಲಿ ತೆಗೆದು ನೋಟ್‌ಪ್ಯಾಡಿನಲ್ಲಿ ನೋಡಿ. ಲೋಗೋ=0 (Logo=0) ಅಂತಿದ್ದರೆ 1 ಮಾಡಿ. ಅದರಲ್ಲಿರುವ ಎಕ್ಸ್ ಅಕ್ಷರಗಳ ಸಾಲು ಕಸ ಅಂತ ಅಳಿಸಬೇಡಿ, ಆ ಫೈಲ್ 1,024 ಬೈಟಿಗಿಂತ ದೊಡ್ಡದಿರಲಿ ಅಂತಲೇ ಅದನ್ನು ಹಾಕಿರುವುದು.

ನನ್ನ ಕೇಳಿದರೆ, ತೋಟದ ಹೆಸರಿಗಿಂತ ಆಫ್ ಮಾಡುವಾಗಿನ ಎರಡು ಚಿತ್ರ ಕನ್ನಡದಲ್ಲಿ ಬರುವುದು ಮುಖ್ಯ. ಅವು ವಿಂಡೋಸ್ ಫೋಲ್ಡರಿನಲ್ಲಿವೆ: ಲೋಗೋಡಬ್ಲ್ಯೂ.ಸಿಸ್ (LOGOW.SYS) ಮತ್ತು ಲೋಗೋಎಸ್.ಸಿಸ್ (LOGOS.SYS). ಅಳತೆ ಅದೇ. ಇವೆರಡರ ನಕಲು ತೆಗೆದಿಟ್ಟು, ಮೊದಲನೆಯದರಲ್ಲಿ ‘ತಾಳಿ, ಸ್ವಿಚ್ ಮುಟ್ಟಬೇಡಿ’, ಎರಡನೆಯದರಲ್ಲಿ ‘ಈಗ ಆಫ್ ಮಾಡಬಹುದು’ ಅಂತ ದೊಡ್ಡದಾಗಿ ಬರೆಯಿರಿ. ಇಂಗ್ಲಿಷ್ ಓದಲು ಬಾರದವರು ಮೊದಲನೇ ಪರದೆಗೇ ಸ್ವಿಚ್ ಒತ್ತಿಬಿಟ್ಟರೆ ಮರುದಿನ ಡಿಸ್ಕ್ ತಪಾಸಣೆಯ ಸ್ಕ್ಯಾನ್‌ಡಿಸ್ಕ್ ಓಡುತ್ತದೆ, ಒಮ್ಮೊಮ್ಮೆ ಚೆಕ್‌ರೋಲ್ ಫೈಲೇ ಕೆಡುತ್ತದೆ. ತಾನಾಗಿ ಆಫ್ ಆಗುವ ಕಂಪ್ಯೂಟರಾದರೆ ಎರಡನೆಯದು ಕಾಣಿಸುವುದಿಲ್ಲ, ಮೊದಲನೆಯದು ಮಾಡಿದರೆ ಸಾಕು.