ಲೂಪಸ್ ಇರುವವರಿಗೆ ಅಮೃತಬಳ್ಳಿ ಕಷಾಯ ಕೊಡಬಹುದೆ?

ಪ್ರಶ್ನೆ: ನನ್ನ ಮಗಳಿಗೆ 24 ವರ್ಷ, ತೂಕ 42 ಕೆ.ಜಿ. ಶೇಂಗಾ ಹೊಲಕ್ಕೆ ಹೋಗಿಬಂದರೆ ಕೆನ್ನೆ ಕೆಂಪಾಗುತ್ತದೆ, ಬೆರಳ ಕೀಲುಗಳು ನೋಯುತ್ತವೆ. ದಾವಣಗೆರೆಯಲ್ಲಿ ತೋರಿಸಿದಾಗ ಲೂಪಸ್ ಎಂದು ಹೇಳಿ ಹೈಡ್ರಾಕ್ಸಿಕ್ಲೋರೋಕ್ವಿನ್ 200 ಎಂ.ಜಿ. ಮತ್ತು ಪ್ರೆಡ್ನಿಸೋಲೋನ್ ಕೊಟ್ಟಿದ್ದಾರೆ. ಮೊದಲನೆಯದು ಮಲೇರಿಯಾ ಮಾತ್ರೆಯಂತೆ. ನೆಂಟರು, ‘ಇಮ್ಯುನಿಟಿ ಕಡಿಮೆಯಾಗಿದೆ, ಅಮೃತಬಳ್ಳಿ ಕಷಾಯ ಕುಡಿಸಿ’ ಎನ್ನುತ್ತಾರೆ. ಏನು ಮಾಡಲಿ?
— ಓದುಗರು, ಚಳ್ಳಕೆರೆ

ಉತ್ತರ: ಕಷಾಯ ಖಂಡಿತ ಬೇಡ. ನಿಮ್ಮ ಮಗಳ ರೋಗನಿರೋಧಕ ಶಕ್ತಿ ಕುಂದಿಲ್ಲ. ಅದು ಅವಳ ಜೀವಕೋಶಗಳ ಕೇಂದ್ರವನ್ನೇ ಶತ್ರುವೆಂದು ತಿಳಿದು ಪ್ರತಿಕಾಯ ತಯಾರಿಸುತ್ತಿದೆ. ಅವು ಚರ್ಮ, ಕೀಲು, ಮೂತ್ರಪಿಂಡಗಳಲ್ಲಿ ಕೂತು ಉರಿಯೂತ ಎಬ್ಬಿಸುತ್ತವೆ. ಇಂಥ ವ್ಯವಸ್ಥೆಯನ್ನು ಇನ್ನಷ್ಟು ಕೆರಳಿಸಬಾರದು. ಅಮೃತಬಳ್ಳಿ ಸೇವಿಸಿದ ಕೆಲವರ ಲಿವರ್‌ಗೆ ಇದೇ ಬಗೆಯ ಉರಿಯೂತ ಬಂದ ವರದಿಗಳಿವೆ.

ಬಿಸಿಲಿನ ನೇರಳಾತೀತ ಕಿರಣಕ್ಕೆ ಚರ್ಮದ ಕೋಶಗಳು ಸತ್ತಾಗ ಒಳಗಿನ ಡಿಎನ್‌ಎ ಹೊರಬೀಳುತ್ತದೆ, ಪ್ರತಿಕಾಯಗಳು ಅದಕ್ಕೆ ಅಂಟಿಕೊಳ್ಳುತ್ತವೆ. ಹೊಲದಿಂದ ಬಂದ ಮೇಲೆ ಮುಖ ಕೆಂಪೇರುವುದು ಇದರಿಂದ. ಗಮನಿಸಿ ನೋಡಿ: ಕೆನ್ನೆ, ಮೂಗಿನ ಏಣು ಕೆಂಪಾಗಿದ್ದರೂ ಮೂಗಿನ ಅಂಚಿನಿಂದ ಬಾಯಿಯ ಮೂಲೆಗೆ ಇಳಿಯುವ ಗೆರೆ ಸಾಮಾನ್ಯವಾಗಿ ತಿಳಿಯಾಗಿರುತ್ತದೆ. 10ರಿಂದ 4 ಗಂಟೆಯವರೆಗೆ ಹೊಲದ ಕೆಲಸ ಬಿಡಿಸಿ. ಹೋಗಲೇಬೇಕಾದರೆ ತುಂಬುತೋಳು, ಅಗಲ ಟೋಪಿ, ಎಸ್‌ಪಿಎಫ್ 30ಕ್ಕೆ ಮೇಲ್ಪಟ್ಟ ಸನ್‌ಸ್ಕ್ರೀನ್ ಇರಲಿ. ಅದನ್ನು 2 ಗಂಟೆಗೊಮ್ಮೆ ಮತ್ತೆ ಹಚ್ಚಬೇಕು.

ಹೈಡ್ರಾಕ್ಸಿಕ್ಲೋರೋಕ್ವಿನ್ ಮಲೇರಿಯಾಕ್ಕೆ ಬಂದ ಮಾತ್ರೆಯೇ, ಆದರೆ ಲೂಪಸ್ ಚಿಕಿತ್ಸೆಯ ಬುನಾದಿಯೂ ಅದೇ. ಕೆ.ಜಿ.ಗೆ ದಿನಕ್ಕೆ 5 ಎಂ.ಜಿ. ಮೀರದಂತೆ ಕೊಡುತ್ತಾರೆ, 42 ಕೆ.ಜಿ.ಗೆ 200 ಸರಿಯಾದ ಅಳತೆ. ಗುಣ ಕಾಣಲು 2–3 ತಿಂಗಳು ಬೇಕು. ‘ಏನೂ ಆಗಲಿಲ್ಲ’ ಎಂದು ಮಧ್ಯದಲ್ಲೇ ಬಿಟ್ಟವರಲ್ಲಿ ರೋಗ ಮತ್ತೆ ಕೆರಳುವುದುಂಟು. ಮೊದಲ ವರ್ಷದೊಳಗೆ ಒಮ್ಮೆ, 5 ವರ್ಷದ ನಂತರ ಪ್ರತಿವರ್ಷ ಕಣ್ಣಿನ ರೆಟಿನಾ ಪರೀಕ್ಷೆಯಾಗಬೇಕು. ಪ್ರೆಡ್ನಿಸೋಲೋನ್ ಸ್ಟೀರಾಯ್ಡ್ ಮಾತ್ರೆ, ಅದನ್ನು ದಿಢೀರನೆ ನಿಲ್ಲಿಸಬೇಡಿ. ದೇಹ ತಾನೇ ತಯಾರಿಸುವ ಸ್ಟೀರಾಯ್ಡ್ ಅಷ್ಟರಲ್ಲಿ ತಗ್ಗಿರುತ್ತದೆ, ರಕ್ತದೊತ್ತಡ ಕುಸಿಯಬಹುದು. ವೈದ್ಯರೇ ಹಂತಹಂತವಾಗಿ ಇಳಿಸುತ್ತಾರೆ.

ನಮ್ಮ ಹೆಚ್ಚಿನ ಕಾಳಜಿ ಮೂತ್ರಪಿಂಡದ ಬಗ್ಗೆ, ಏಕೆಂದರೆ ಅದು ನೋವಿಲ್ಲದೆ ಹಾಳಾಗುತ್ತದೆ. 3 ತಿಂಗಳಿಗೊಮ್ಮೆ ಮೂತ್ರದ ಪ್ರೋಟೀನ್, ರಕ್ತದ ಕ್ರಿಯಾಟಿನಿನ್, ಬಿ.ಪಿ. ನೋಡಿಸಿ. ಕೀಲುನೋವಿಗೆಂದು ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್ ತರಬೇಡಿ. ಮೂತ್ರ ನೊರೆನೊರೆಯಾಗಿ ಹೋದರೆ, ಪಾದ ಊದಿದರೆ ಮುಂದಿನ ತಾರೀಖಿಗೆ ಕಾಯದೆ ಅದೇ ವಾರ ಹೋಗಿ.

ನೀವು ಕೇಳಿಲ್ಲ, ಆದರೂ ಹೇಳುತ್ತೇವೆ: ಮದುವೆಗೆ, ಮಕ್ಕಳಿಗೆ ಲೂಪಸ್ ಅಡ್ಡಿಯಲ್ಲ. ರೋಗ ಕನಿಷ್ಠ 6 ತಿಂಗಳು ಹತೋಟಿಯಲ್ಲಿದ್ದ ಮೇಲೆ, ವೈದ್ಯರಿಗೆ ಮೊದಲೇ ತಿಳಿಸಿ ಗರ್ಭ ಧರಿಸಬಹುದು. ಹೈಡ್ರಾಕ್ಸಿಕ್ಲೋರೋಕ್ವಿನ್ ಅನ್ನು ಬಸಿರಿನಲ್ಲೂ ಮುಂದುವರಿಸುತ್ತಾರೆ.