ನನ್ನ ಫೋಟೋಗಳೆಲ್ಲ ಒಂದೇ ಥರ ಕಾಣುತ್ತವೆ. ಹೊಸ ಜಾಗ, ಹೊಸ ರೀತಿ ಹುಡುಕುವುದು ಹೇಗೆ?

ಮೂರು ವರ್ಷದಿಂದ ಹವ್ಯಾಸಕ್ಕೆ ಫೋಟೋ ತೆಗೆಯುತ್ತಿದ್ದೀರಿ. ಸೂರ್ಯಾಸ್ತ, ಹೂವು, ಬೀದಿ ಎಲ್ಲ ಆಯಿತು. ಈಗ ಏನು ತೆಗೆದರೂ ಹಳೆಯದೇ ಅನ್ನಿಸುತ್ತಿದೆ. ಯಾರೂ ಹೋಗದ ಜಾಗಕ್ಕೆ ಹೋಗಬೇಕಾ, ಇಲ್ಲ ಒಂದು ವೈಡ್ ಲೆನ್ಸ್ (ಅಗಲವಾದ ನೋಟ ಹಿಡಿಯುವ ಲೆನ್ಸ್) ತೆಗೆದುಕೊಂಡರೆ ಸರಿಹೋಗುತ್ತಾ ಅಂತ ಕೇಳಿದ್ದೀರಿ. ನಾನೂ ವೃತ್ತಿಯವನಲ್ಲ. ವಾರವೆಲ್ಲ ಬೇರೆ ಕೆಲಸ, ರಜೆ ಸಿಕ್ಕಾಗ ಕ್ಯಾಮೆರಾ. ಹಾಗಾಗಿ ಇದನ್ನು ಮೇಷ್ಟ್ರ ಪಾಠ ಅಂದುಕೊಳ್ಳಬೇಡಿ.

ನಿಮ್ಮ ಕಾಯಿಲೆ ನನಗೂ ಬಂದಿತ್ತು. ಆಗ ಎಲ್ಲರಂತೆ ನಾನೂ ಒಂದು ಪಾಳುಬಿದ್ದ ಕಾರ್ಖಾನೆ ಹುಡುಕಿದೆ. ಕಾಡಿಬೇಡಿ ಅನುಮತಿ ಪಡೆದು ಗೆಳೆಯನ ಜೊತೆ ಒಳಗೆ ಹೋದೆ. ತುಕ್ಕು ಹಿಡಿದ ಯಂತ್ರಗಳು, ಒಡೆದ ಗಾಜು, ಗೋಡೆ ಸೀಳಿಕೊಂಡು ಬಂದ ಗಿಡ. ಸುಮಾರು 300 ಫೋಟೋ ತೆಗೆದೆ. ಮನೆಗೆ ಬಂದು ನೋಡಿದರೆ ಎಲ್ಲವನ್ನೂ ಎಲ್ಲೋ ನೋಡಿದ ಹಾಗೇ ಇದೆ. ಒಡೆದ ಕಿಟಕಿಯಿಂದ ಓರೆಯಾಗಿ ಬೀಳುವ ಬಿಸಿಲನ್ನು ನಾವು ಎಷ್ಟು ಸಲ ನೋಡಿಲ್ಲ? ಜಾಗವೇನೋ ಹೊಸದು. ಆದರೆ ಅಲ್ಲೂ ನಾನು ಕ್ಯಾಮೆರಾವನ್ನು ಕಣ್ಣಿನ ಎತ್ತರಕ್ಕೆ ಹಿಡಿದು, ವಸ್ತುವನ್ನು ನಡುವೆ ಇಟ್ಟು, ಕ್ಲಿಕ್ ಮಾಡಿದ್ದೆ. ಮನೆ ಅಂಗಳದಲ್ಲೂ ಹಾಗೇ ಮಾಡುತ್ತಿದ್ದೆ.

ಕಣ್ಣು ತೆರೆದದ್ದು ಒಂದು ಕಟ್ಟಡದ ನೆಲಮಾಳಿಗೆಯಲ್ಲಿ. ಕಾರು ನಿಲ್ಲಿಸುವ ಜಾಗ. ಒಂದು ಮೂಲೆಯಲ್ಲಿ ದೀಪ ಕೆಟ್ಟಿತ್ತು. ಅಲ್ಲಿಂದ ಕಂಬಗಳ ಸಾಲು ಕತ್ತಲೊಳಗೆ ಕರಗಿಹೋಗುತ್ತಿತ್ತು. ತೆಗೆಯೋಣ ಅಂತ ನೋಡಿದರೆ ಫೋಕಸ್ ಆಗುತ್ತಿಲ್ಲ, ತೆಗೆದದ್ದೆಲ್ಲ ಅಲುಗಾಡಿದೆ, ಐಎಸ್‌ಓ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸಿದರೆ ಫೋಟೋ ತುಂಬ ರವೆ ಚೆಲ್ಲಿದ ಹಾಗೆ. ನನಗೆ ಗೊತ್ತಿದ್ದ ಯಾವ ವಿದ್ಯೆಯೂ ಅಲ್ಲಿ ನಡೆಯಲಿಲ್ಲ. ಮಾರನೇ ವಾರ ಟ್ರೈಪಾಡ್, ಟಾರ್ಚ್ ಹಿಡಿದು ಮತ್ತೆ ಹೋದೆ. ಆಮೇಲೆ ಸುಮಾರು ಹತ್ತು ಸಲ ಹೋಗಿರಬೇಕು.

ಅದಕ್ಕೇ ನಿಮಗೆ ಹೇಳುವುದು ಇಷ್ಟೇ. ಚೆಂದದ ಜಾಗ ಹುಡುಕಬೇಡಿ, ವಿಚಿತ್ರ ಜಾಗವನ್ನೂ ಹುಡುಕಬೇಡಿ. ನಿಮ್ಮ ಕೈಗೆ ರೂಢಿಯಾದ ರೀತಿ ನಡೆಯದ ಜಾಗ ಹುಡುಕಿ. ತೀರಾ ಕತ್ತಲು, ತೀರಾ ಇಕ್ಕಟ್ಟು, ಮಂಜು, ನೀರು, ಏನಾದರೂ ಸರಿ. ಹೊಸ ರೀತಿಯನ್ನು ಆ ಜಾಗವೇ ಕಲಿಸುತ್ತದೆ.

ಇದೇನೂ ಹೊಸ ಮಾತಲ್ಲ. ಫ್ರಾನ್ಸಿನ ನಡಾರ್ ಅಂತ ಒಬ್ಬ ಫೋಟೋಗ್ರಾಫರ್ ಇದ್ದ. ದೊಡ್ಡ ದೊಡ್ಡವರ ಭಾವಚಿತ್ರ ತೆಗೆದು ಹೆಸರು ಮಾಡಿದವನು. ಸ್ಟುಡಿಯೋದಲ್ಲಿ ಹಾಯಾಗಿ ಇರಬಹುದಿತ್ತು. 1858ರಲ್ಲಿ ಬಲೂನ್ ಹತ್ತಿ ಮೇಲಿಂದ ಫೋಟೋ ತೆಗೆದ. ಮೊದಮೊದಲು ಪ್ಲೇಟುಗಳೆಲ್ಲ (ಆಗ ಫಿಲ್ಮಿನ ಬದಲು ಬಳಸುತ್ತಿದ್ದ ಗಾಜಿನ ಹಲಗೆಗಳು) ಕಪ್ಪಾಗಿ ಬರುತ್ತಿದ್ದವು. ಬಲೂನಿನಿಂದ ಸೋರುವ ಅನಿಲವೇ ಅವನ್ನು ಕೆಡಿಸುತ್ತಿದೆ ಅಂತ ಆಮೇಲೆ ಹೊಳೆಯಿತು. ಅಷ್ಟಕ್ಕೇ ಬಿಡಲಿಲ್ಲ. 1861ರ ಸುಮಾರಿಗೆ ಪ್ಯಾರಿಸ್‌ನ ನೆಲದಡಿಯ, ಸತ್ತವರ ಮೂಳೆ ಪೇರಿಸಿಟ್ಟ ಸುರಂಗಗಳಿಗೆ, ಆಮೇಲೆ ಚರಂಡಿಗಳಿಗೂ ಇಳಿದ. ಅಲ್ಲಿ ಬಿಸಿಲೆಲ್ಲಿ? ಬ್ಯಾಟರಿಯಿಂದ ಉರಿಯುವ ಆರ್ಕ್ ದೀಪ ಒಯ್ದ. ಒಂದೊಂದು ಎಕ್ಸ್‌ಪೋಶರ್ (ಪ್ಲೇಟಿಗೆ ಬೆಳಕು ಬೀಳಿಸುವ ಹೊತ್ತು) 18 ನಿಮಿಷದವರೆಗೂ ಹಿಡಿಯುತ್ತಿತ್ತಂತೆ. ಅಷ್ಟು ಹೊತ್ತು ಅಲುಗಾಡದೆ ನಿಲ್ಲಲು ಯಾರಿಂದಾಗುತ್ತದೆ? ಹಾಗಾಗಿ ಕೆಲಸಗಾರರ ಬಟ್ಟೆ ತೊಡಿಸಿದ ಬೊಂಬೆಗಳನ್ನು ನಿಲ್ಲಿಸಿದ. ಬೊಂಬೆ ನಿಲ್ಲಿಸುವ ಯೋಚನೆ ಸ್ಟುಡಿಯೋದಲ್ಲಿ ಕೂತಿದ್ದರೆ ಬರುತ್ತಿತ್ತಾ?

ಕತ್ತಲಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನನಗೆ ಜಾಸ್ತಿ ಕಲಿಸಿದ್ದು ಅದೇ. ಮೊದಲು ಟ್ರೈಪಾಡ್ ನಿಲ್ಲಿಸಿ. ತೆಗೆಯುವ ವಸ್ತುವಿನ ಮೇಲೆ ಟಾರ್ಚ್ ಬಿಟ್ಟು ಫೋಕಸ್ ಮಾಡಿ, ಆಮೇಲೆ ಫೋಕಸನ್ನು ಮ್ಯಾನುಯಲ್‌ಗೆ ಹಾಕಿಬಿಡಿ. ಇಲ್ಲದಿದ್ದರೆ ಪ್ರತಿ ಸಲವೂ ಕ್ಯಾಮೆರಾ ಕತ್ತಲಲ್ಲಿ ತಡಕಾಡುತ್ತದೆ. ಬಟನ್ ಒತ್ತಿದ ಅದುರಾಟ ಫೋಟೋದಲ್ಲಿ ಬರದಿರಲು 2 ಸೆಕೆಂಡಿನ ಟೈಮರ್ ಇಡಿ.

ಶಟರ್, ಅಂದರೆ ಕ್ಯಾಮೆರಾದೊಳಗೆ ಬೆಳಕು ಬಿಡುವ ಪರದೆ, ಎಷ್ಟು ಹೊತ್ತು ತೆರೆದಿಡಬೇಕು ಅನ್ನುವುದಕ್ಕೆ ಒಂದು ಸುಲಭದ ಲೆಕ್ಕ ಇದೆ. ಐಎಸ್‌ಓ 6400ಕ್ಕೆ ಇಟ್ಟು ಒಂದು ಪರೀಕ್ಷೆಯ ಫೋಟೋ ತೆಗೆಯಿರಿ. ರವೆ ಬಂದರೆ ಬರಲಿ, ನಾವು ನೋಡುವುದು ಬೆಳಕನ್ನಷ್ಟೇ. ಅರ್ಧ ಸೆಕೆಂಡಿಗೆ ಬೆಳಕು ಸರಿಹೋಯಿತು ಅಂತಿಟ್ಟುಕೊಳ್ಳಿ. ಐಎಸ್‌ಓ 100ಕ್ಕೆ ಇಳಿಸಿದರೆ ಅದರ 64 ಪಟ್ಟು ಹೊತ್ತು ಬೇಕು, ಅಂದರೆ 32 ಸೆಕೆಂಡ್. ಈ ಲೆಕ್ಕ ಗೊತ್ತಾಗುವವರೆಗೆ ನಾನು ಒಂದೊಂದು ಫೋಟೋಗೂ ಅರ್ಧ ನಿಮಿಷ ಕಾದು, ಕಪ್ಪಗೆ ಬಂತು ಅಂತ ಮತ್ತೆ ಒಂದು ನಿಮಿಷ ಕಾಯುತ್ತಿದ್ದೆ. ಇಡೀ ರಾತ್ರಿಗೆ ನಾಲ್ಕು ಫೋಟೋ! ಹಿಂದಿನವರಿಗೆ ಅವರದೇ ಉಪಾಯಗಳಿದ್ದವು. 1930ರ ದಶಕದಲ್ಲಿ ರಾತ್ರಿಯ ಪ್ಯಾರಿಸ್ ತೆಗೆದ ಬ್ರಾಸ್ಸಾಯ್, ಒಂದು ಸಿಗರೇಟು ಸುಟ್ಟು ಮುಗಿಯುವಷ್ಟು ಹೊತ್ತನ್ನೇ ಅಳತೆ ಮಾಡಿಕೊಂಡಿದ್ದ. ಕತ್ತಲು ಜಾಸ್ತಿ ಇದ್ದರೆ ಇನ್ನೊಂದು ಜಾತಿಯ ಸಿಗರೇಟು.

ಶಟರ್ 30 ಸೆಕೆಂಡ್ ತೆರೆದಿದೆ ಅಂದರೆ ಆ 30 ಸೆಕೆಂಡೂ ನಿಮ್ಮದು. ಗಾಢ ಬಣ್ಣದ ಬಟ್ಟೆ ಹಾಕಿಕೊಂಡು ಫ್ರೇಮಿನೊಳಗೇ ಓಡಾಡಿ, ಟಾರ್ಚಿನಿಂದ ಒಂದೊಂದೇ ಕಂಬಕ್ಕೆ ಬೆಳಕು ಬಳಿಯಿರಿ. ನಿಲ್ಲದೆ ನಡೆಯುತ್ತಿದ್ದರೆ ನೀವು ಫೋಟೋದಲ್ಲಿ ಬರುವುದಿಲ್ಲ. ಟಾರ್ಚಿನ ಬಾಯಿ ಮಾತ್ರ ಕ್ಯಾಮೆರಾ ಕಡೆ ತಿರುಗಬಾರದು, ತಿರುಗಿದರೆ ಗೆರೆ ಬೀಳುತ್ತದೆ. ನಾನು ಕಂಬಗಳಿಗೆ ನೇರವಾಗಿ ಬೆಳಕು ಬಿಡುವುದನ್ನು ಬಿಟ್ಟು ಪಕ್ಕದಿಂದ, ಗೋಡೆಗೆ ಒರಗಿಸಿದ ಹಾಗೆ ಬಿಟ್ಟೆ. ಆಗ ಸಿಮೆಂಟಿನ ಒರಟು, ಹಲಗೆಯ ಗುರುತು, ಯಾರೋ ಉಜ್ಜಿದ ಬಣ್ಣ ಎಲ್ಲ ಎದ್ದು ಬಂತು. ಅಲ್ಲಿವರೆಗೆ ನನಗೆ ಬೆಳಕು ಅಂದರೆ ಇದ್ದದ್ದನ್ನು ಬಳಸುವುದು ಅಷ್ಟೇ ಆಗಿತ್ತು.

ಇನ್ನೊಂದು ಜಾಗ ನಿಮ್ಮ ಕಾಲಡಿಯಲ್ಲೇ ಇದೆ. ಮಳೆ ನಿಂತ ಮೇಲಿನ ನೀರಿನ ಗುಂಡಿ. ಮೊಬೈಲನ್ನು ತಲೆಕೆಳಗೆ ಹಿಡಿಯಿರಿ, ಲೆನ್ಸ್ ನೀರಿಗೆ ತಾಗುವಷ್ಟು ಹತ್ತಿರ ಬರಲಿ. ಅಂಗೈಯಗಲದ ಗುಂಡಿಯಲ್ಲಿ ಇಡೀ ಕಟ್ಟಡ ಕೂತುಬಿಡುತ್ತದೆ. ಇಲ್ಲಿ ನಾನು ಪೆದ್ದನಾದ ಕಥೆ ಎರಡಿವೆ. ಮೊದಲನೆಯದು, ನೀರಿನ ಮೇಲ್ಮೈಗೆ ಫೋಕಸ್ ಮಾಡಿ ಪ್ರತಿಬಿಂಬ ಮಸುಕಾಗಿದೆ ಅಂತ ಕೊರಗಿದ್ದು. ಪ್ರತಿಬಿಂಬ ಇರುವುದು ನೀರಿನ ಮೇಲೆ ಅಲ್ಲ. ಕ್ಯಾಮೆರಾದಿಂದ ನೀರಿಗೆ, ನೀರಿನಿಂದ ಕಟ್ಟಡಕ್ಕೆ, ಎರಡೂ ಸೇರಿಸಿದಷ್ಟು ದೂರಕ್ಕೆ ಫೋಕಸ್ ಇರಬೇಕು. ಎರಡನೆಯದು, ಲೆನ್ಸಿನ ಮೇಲೆ ಪೋಲರೈಸರ್ ಫಿಲ್ಟರ್ ಹಾಕಿಕೊಂಡೇ ಹೋಗಿದ್ದು. ನೀರಿನ ಹೊಳಪು ತೆಗೆಯುವುದಕ್ಕೇ ಅದನ್ನು ಮಾಡಿರುವುದು! ಪ್ರತಿಬಿಂಬ ಯಾಕೆ ಹೀಗೆ ಸತ್ತಿದೆ ಅಂತ ಅರ್ಧ ಗಂಟೆ ತಲೆ ಕೆರೆದುಕೊಂಡೆ.

ಮಂಜು ಹಿಡಿದ ಗಾಜೂ ಹಾಗೇ. ಒಮ್ಮೆ ಎಸಿ ಕೋಣೆಯಿಂದ ನೇರವಾಗಿ ಗಿಡ ಬೆಳೆಸುವ ಗಾಜಿನ ಮನೆಗೆ ಹೋದೆ. ಒಳಗೆ ಬೆವರು ಕಿತ್ತುಬರುವ ಸೆಕೆ. ಲೆನ್ಸ್ ತಣ್ಣಗಿತ್ತು, ಕ್ಷಣದಲ್ಲಿ ಅದರ ಮೇಲೆ ಹಬೆ ಕೂತಿತು. ಇದನ್ನು ತಪ್ಪಿಸಬೇಕಾದರೆ ಕ್ಯಾಮೆರಾವನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಹೊರಗಿನಷ್ಟೇ ಬೆಚ್ಚಗಾದ ಮೇಲೆ ತೆಗೆಯಬೇಕು. ನನಗೆ ಅಷ್ಟು ತಾಳ್ಮೆ ಇರಲಿಲ್ಲ, ಸುಮ್ನೆ ಕ್ಲಿಕ್ ಮಾಡಿದೆ. ಆ ದಿನದ ಫೋಟೋಗಳಲ್ಲಿ ಇಟ್ಟುಕೊಂಡದ್ದು ಆ ಹಬೆಯ ಮೂರನ್ನು ಮಾತ್ರ.

ಇಲ್ಲಿ ಜೆಕ್ ಫೋಟೋಗ್ರಾಫರ್ ಯೋಸೆಫ್ ಸುಡೆಕ್ ನೆನಪಾಗುತ್ತಾನೆ. ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡವನು. 1940ರಿಂದ 1954ರವರೆಗೆ ಪ್ರಾಗ್‌ನ ತನ್ನ ಸ್ಟುಡಿಯೋದ ಕಿಟಕಿಯನ್ನು ಮತ್ತೆ ಮತ್ತೆ ತೆಗೆದ. ಗಾಜಿನ ಮೇಲೆ ಹಬೆ, ಹನಿ, ಹಿಮ, ಆಚೆ ಒಂದು ಸೊಟ್ಟ ಮರ. ಆರಂಭದ ವರ್ಷಗಳಲ್ಲಿ ಊರು ಜರ್ಮನ್ನರ ವಶದಲ್ಲಿತ್ತು, ಹೊರಗೆ ಕ್ಯಾಮೆರಾ ಹಿಡಿದು ಅಡ್ಡಾಡುವುದೇ ಕಷ್ಟ. ಪಾಳುಬಿದ್ದ ಕಾರ್ಖಾನೆ ಹುಡುಕಿಕೊಂಡು ಹೋದ ನನಗೆ ಅವನ ಕಿಟಕಿ ನೋಡಿ ಸ್ವಲ್ಪ ನಾಚಿಕೆಯಾಯಿತು, ನಿಜ ಹೇಳುತ್ತೇನೆ.

ಕ್ಯಾಮೆರಾವನ್ನು ಬೇಕೆಂದೇ ಅಲುಗಾಡಿಸಿ ತೆಗೆಯುವುದು, ಎರಡು ಫೋಟೋ ಒಂದರ ಮೇಲೊಂದು ಕೂರಿಸುವುದು, ಇವನ್ನೂ ಮಾಡಿ ನೋಡಿದ್ದೇನೆ. ಅರ್ಧ ಸೆಕೆಂಡ್ ಶಟರ್ ಇಟ್ಟು ಮರಗಳ ಸಾಲಿನ ಮೇಲೆ ಕ್ಯಾಮೆರಾವನ್ನು ಮೇಲಿಂದ ಕೆಳಗೆ ಜಾರಿಸಿದರೆ ಚೆನ್ನಾಗಿಯೇ ಬರುತ್ತದೆ. ಆದರೆ ಹತ್ತನೆಯದಕ್ಕೆ ಬೇಜಾರು. ಎಲ್ಲಿ ಬೇಕಾದರೂ ಮಾಡಬಹುದಾದ ಕಸರತ್ತು ಬಲುಬೇಗ ಹಳಸುತ್ತದೆ ಅಂತ ನನ್ನ ಅಭಿಪ್ರಾಯ.

ಹಳಸದ ಒಂದಿದೆ, ಡಬ್ಬಿ. ಬೆಳಕು ನುಗ್ಗದ ತಗಡಿನ ಡಬ್ಬಿಗೆ ಸೂಜಿಯಿಂದ ಸಣ್ಣ ರಂಧ್ರ ಮಾಡಿ, ಒಳಗೆ ಕಪ್ಪು-ಬಿಳುಪು ಫೋಟೋ ಕಾಗದ ಸುತ್ತಿಟ್ಟು, ಬಿಸಿಲು ಬರುವ ಕಡೆ ಗಟ್ಟಿಯಾಗಿ ಕಟ್ಟಿಬಿಡುವುದು. ಎಷ್ಟು ದಿನ? ಜೂನ್ 21ರ ಸುಮಾರಿಗೆ ಕಟ್ಟಿದರೆ ಡಿಸೆಂಬರ್ 21ರ ಸುಮಾರಿಗೆ ಬಿಚ್ಚುವುದು. ಪ್ರತಿದಿನದ ಸೂರ್ಯನ ಹಾದಿ ಒಂದೊಂದು ಗೆರೆಯಾಗಿ ಬೀಳುತ್ತದೆ, ಮೋಡ ಬಂದ ದಿನ ಗೆರೆ ತುಂಡಾಗುತ್ತದೆ. ಚಿತ್ರ ಮೂಡಿಸುವ ಡೆವಲಪರ್ ದ್ರಾವಣ ಬೇಡ. ಅಷ್ಟು ದಿನದ ಬೆಳಕಿಗೆ ಕಾಗದ ತಾನೇ ಕಪ್ಪಾಗಿರುತ್ತದೆ. ಬಿಚ್ಚಿದ ಮೇಲೆ ಬೆಳಕಿಗೆ ಜಾಸ್ತಿ ಹೊತ್ತು ಒಡ್ಡದೆ ಒಮ್ಮೆ ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಬಣ್ಣ ತಿರುವುಮುರುವು ಮಾಡಿದರೆ ಮುಗಿಯಿತು. ನನ್ನ ಮೊದಲ ಡಬ್ಬಿಯೊಳಗೆ ನೀರು ಹೋಗಿ ಕಾಗದ ಕೊಳೆತಿತ್ತು. ಎರಡನೆಯದನ್ನು ಯಾರೋ ಕಸ ಅಂತ ಕಿತ್ತೊಗೆದರು. ಮೂರನೆಯದರ ಮೇಲೆ ಇದೇನು ಅಂತ ಬರೆದು ಅಂಟಿಸಿದೆ, ಕಟ್ಟಡದವರನ್ನೂ ಕೇಳಿದ್ದೆ. ಅದು ಉಳಿಯಿತು. ಕಂಡ ಕಂಡಲ್ಲಿ ಹೇಳದೆ ಕೇಳದೆ ಡಬ್ಬಿ ಕಟ್ಟಬೇಡಿ. ನೋಡಿದವರು ಬೇರೇನೋ ಅಂದುಕೊಂಡು ಗಾಬರಿಯಾಗುತ್ತಾರೆ.

ಪಾಳು ಜಾಗಗಳ ಆಸೆ ಇನ್ನೂ ಬಿಡದಿದ್ದರೆ ಒಂದೆರಡು ಮಾತು. ಅನುಮತಿ ಇಲ್ಲದೆ ಬೇಡ, ಒಬ್ಬರೇ ಬೇಡ. ಮರದ ನೆಲ ನೋಡಲು ಗಟ್ಟಿ, ಕಾಲಿಟ್ಟರೆ ಪುಡಿ. ಹಳೆಯ ಕಟ್ಟಡಗಳ ಛಾವಣಿಯಲ್ಲಿ ಆಸ್ಬೆಸ್ಟಾಸ್ ಇರಬಹುದು. ಒಣಗಿದ ಪಾರಿವಾಳದ ಹಿಕ್ಕೆಯ ಧೂಳೂ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಒಳ್ಳೆಯ ಮಾಸ್ಕ್ ಇರಲಿ. ರೈಲು ಹಳಿ ಮೇಲೆ ನಿಂತು ಫೋಟೋ ತೆಗೆಯುವವರ ಜೊತೆ ನಾನು ಜಗಳವನ್ನೇ ಆಡಿದ್ದೇನೆ.

ಇನ್ನು ನಿಮ್ಮ ಲೆನ್ಸ್ ಪ್ರಶ್ನೆ. ಈಗಲೇ ಬೇಡ. ಆ ದುಡ್ಡಿನಲ್ಲಿ ಒಂದು ಗಟ್ಟಿ ಟ್ರೈಪಾಡ್, ಒಂದು ಸಾಧಾರಣ ಟಾರ್ಚ್ ತೆಗೆದುಕೊಳ್ಳಿ, ಇನ್ನೂ ಉಳಿಯುತ್ತದೆ. ಟ್ರೈಪಾಡ್ ಕೊಳ್ಳುವಾಗ ಕಾಲು ಪೂರ್ತಿ ಬಿಚ್ಚಿ ನಿಲ್ಲಿಸಿ ತಲೆಯನ್ನು ಮೆಲ್ಲಗೆ ತಟ್ಟಿ ನೋಡಿ. ನಡುಗುತ್ತಲೇ ಇದ್ದರೆ ಅಲ್ಲೇ ಬಿಟ್ಟು ಬನ್ನಿ. ನಡುಗಂಬದ ಕೆಳಗೆ ಕೊಕ್ಕೆ ಇದೆಯಾ ಅಂತಲೂ ನೋಡಿಕೊಳ್ಳಿ. ಗಾಳಿ ಜೋರಿದ್ದಾಗ ನಿಮ್ಮ ಚೀಲವನ್ನೇ ಅದಕ್ಕೆ ನೇತುಹಾಕಬಹುದು.